ಗುಲಾಬಿ, ಬದನೆ ಮತ್ತು ನಡುವಿನ ಇಟ್ಟಿಗೆ

ಬ್ಯಾಡಗಿಯಲ್ಲಿ ಹಿತ್ತಲು ಮಾಡಬೇಕೆನ್ನುವವರು ಗುದ್ದಲಿ ಹಿಡಿಯುವ ಮೊದಲು ಸೀನುವುದನ್ನು ಕಲಿತಿರಬೇಕು. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಯ ಕಡೆಯಿಂದ ಗಾಳಿ ತಿರುಗಿತೆಂದರೆ ನಮ್ಮ ಓಣಿಯ ಜನ, ದನ, ಬೆಕ್ಕು ಎಲ್ಲವೂ ಒಂದೇ ತಾಳದಲ್ಲಿ ಸೀನುತ್ತವೆ. ಗಿಡಗಳು ಮಾತ್ರ ತುಟಿಪಿಟಕ್ಕೆನ್ನದೆ ನಿಂತಿರುತ್ತವೆ. ನಮ್ಮ ಹಿತ್ತಲಿನಲ್ಲಿ ಒಂದು ಕಾಲಕ್ಕೆ ಸದ್ದಿಲ್ಲದೆ ಇದ್ದದ್ದು ಅವು ಮಾತ್ರ.

ಸದ್ದು ಮಾಡುತ್ತಿದ್ದವರು ನನ್ನ ಅತ್ತೆ ಮತ್ತು ಮಾವ. ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ನೌಕರಿಯುದ್ದಕ್ಕೂ ವರ್ಗವಾದ ಊರುಗಳಲ್ಲಿ ಖೋಲಿ ಹಿಡಿದುಕೊಂಡಿದ್ದು, ರವಿವಾರ ನೆಂಟರಂತೆ ಮನೆಗೆ ಬಂದು ಹೋಗುತ್ತಿದ್ದರು. ಅತ್ತೆ ಕದರಮಂಡಲಗಿಯ ಒಕ್ಕಲುತನದ ಮನೆಯ ಮಗಳು. ಬ್ಯಾಡಗಿಯಲ್ಲಿದ್ದು ಮಕ್ಕಳನ್ನು ಒಬ್ಬರೇ ದೊಡ್ಡವರನ್ನಾಗಿ ಮಾಡಿದವರು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಮಾವ ನಿವೃತ್ತರಾಗಿ ಬಂದು ವಾರವಿಡೀ ಮನೆಯಲ್ಲೇ ಕೂರತೊಡಗಿದಾಗ, ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ. "ಊಟ ಆತೇನು?" "ಆತು." ಅಲ್ಲಿಗೆ ಆ ದಿನದ ಸಂಭಾಷಣೆ ಮುಕ್ತಾಯ. ನನ್ನ ಗಂಡ ಬೆಳಿಗ್ಗೆ ರಾಣೆಬೆನ್ನೂರಿನ ಬೀಜದ ಅಂಗಡಿಯ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಆ ಮೌನವನ್ನು ಕೇಳುತ್ತ ಕೂರುವ ಭಾಗ್ಯ ಸೊಸೆಯಾದ ನನ್ನದು.

ಮುಂಗಾರು ಶುರುವಾದಾಗ ಮಾವ ರಾಣೆಬೆನ್ನೂರಿನಿಂದ ಗುಲಾಬಿ ಸಸಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ದಾರ ಹಿಡಿದು, ಡ್ರಾಯಿಂಗ್ ಹಾಳೆಯ ಮೇಲೆ ಗೆರೆ ಎಳೆದಂತೆ ಸಾಲಾಗಿ ನೆಟ್ಟರು. ಕೆಲವು ದಿನಗಳಲ್ಲಿ ಗುಲಾಬಿಯ ಸಾಲುಗಳ ನಡುವೆ ಕೊತ್ತಂಬರಿ ಇಣುಕಿತು. ಅದರ ಹಿಂದೆ ಮೆಂತ್ಯ. ಮೆಂತ್ಯದ ಹಿಂದೆ, ಯಾರಪ್ಪನ ಅಂಜಿಕೆಯೂ ಇಲ್ಲದೆ, ಬದನೆ.

"ಗಿರಿಜಾ, ನಿಮ್ಮತ್ತಿಗೆ ಹೇಳು, ಇದು ಗುಲಾಬಿ ತೋಟ ಐತಿ, ಕಾಯಿಪಲ್ಯೆ ಸಂತಿ ಅಲ್ಲ" ಎಂದರು ಮಾವ.

ಅತ್ತೆ ಅವರ ಪಕ್ಕದಲ್ಲೇ ನಿಂತಿದ್ದರು. "ಗಿರಿಜಾ, ನಿಮ್ಮ ಮಾವಗ ಕೇಳು, ಗುಲಾಬಿ ಎಣಗಾಯಿ ಮಾಡಾಕ ಬರ್ತೈತೇನು ಅಂತ."

"ಬದನಿಕಾಯಿ ತುರುಬಿಗೆ ಇಟ್ಕೊಳ್ಳಾಕ ಬರ್ತೈತೇನು, ಕೇಳು!"

ನಾನು ಯಾರಿಗೂ ಏನೂ ಹೇಳಲಿಲ್ಲ, ಕೇಳಲೂ ಇಲ್ಲ. ಆದರೆ ಒಳಗೇ ಅತ್ತೆಯ ಪಕ್ಷಕ್ಕೆ ವಾಲಿದ್ದೆ. ಹಳೆಯ ಕಾವ್ಯಗಳ ಉದ್ಯಾನವನಗಳಲ್ಲಿ ಮಾವು, ಮಲ್ಲಿಗೆ, ಕೋಗಿಲೆ, ದುಂಬಿ, ನಿಟ್ಟುಸಿರು ಬಿಡುವ ವಿರಹಿ ಎಲ್ಲರೂ ಸಿಗುತ್ತಾರೆ. ಒಂದು ಬದನೆಗಿಡ ಸಿಗುವುದಿಲ್ಲ. ವಿರಹಿಗಳು ಅಷ್ಟು ಸೊರಗುವುದಕ್ಕೆ ಪ್ರೇಮವೊಂದೇ ಕಾರಣವಿರಲಿಕ್ಕಿಲ್ಲ.

ಶ್ರಾವಣದಲ್ಲಿ ಮಳೆ ನಿಂತು ಬಿಸಿಲು ಬಿದ್ದರೆ ಹಿತ್ತಲು ಇಡ್ಲಿಪಾತ್ರೆಯಂತೆ ಹಬೆಯಾಡುತ್ತಿತ್ತು. ಗುಲಾಬಿಯ ಎಲೆಗಳಿಗೆ ಕಪ್ಪು ಚುಕ್ಕೆ ಬಂದವು, ಬದನೆಗೆ ಹುಳ ಬಿತ್ತು. ಚುಕ್ಕೆ ಕಂಡು ಅತ್ತೆಗೆ ಸಂತೋಷ, ಹುಳ ಕಂಡು ಮಾವನಿಗೆ ಪರಮಾನಂದ. ಹೀಗೆ ನಡೆದಿರುವಾಗ ಒಂದು ದಿನ ಮಾವ ಕಳೆ ತೆಗೆಯುತ್ತ, ಹೂ ಬಿಟ್ಟಿದ್ದ ಬದನೆಗಿಡವೊಂದನ್ನು ಬೇರುಸಹಿತ ಕಿತ್ತರು. ಕಣ್ಣು ಕಾಣಲಿಲ್ಲವೆಂದು ಅವರ ವಾದ. ಅತ್ತೆ ಅರಳಲಿದ್ದ ಗುಲಾಬಿಯ ಮೊಗ್ಗುಗಳನ್ನೆಲ್ಲ ಚಿವುಟಿ ದೇವರ ಮುಂದೆ ಸುರಿದರು. ಮಾವ ಊಟ ಬಿಟ್ಟರು. ಅತ್ತೆ ತವರಿಗೆ ಹೊರಟು ಸೀರೆಗಳನ್ನು ಚೀಲಕ್ಕೆ ತುಂಬಿದರು.

ಆಗ ನಾನು ಬಹಳ ಶಾಣ್ಯಾಳೆಂದುಕೊಂಡು ನಡುವೆ ಬಿದ್ದೆ. ಹಿತ್ತಲಿನ ಮಧ್ಯೆ ಇಟ್ಟಿಗೆಯ ಸಾಲು ಹೂಳಿಸಿ, ಬಾವಿಯ ಕಡೆಯದು ಮಾವನಿಗೆ, ಒಗೆಯುವ ಕಲ್ಲಿನ ಕಡೆಯದು ಅತ್ತೆಗೆ ಎಂದು ತೀರ್ಮಾನ ಕೊಟ್ಟೆ. ಇಬ್ಬರೂ ಒಪ್ಪಿದರು.

ಚಳಿಗಾಲಕ್ಕೆ ಹಿತ್ತಲು ನೋಡಬೇಕಿತ್ತು! ಆ ಕಡೆ ಅಂಗೈಯಗಲದ ಗುಲಾಬಿ, ಈ ಕಡೆ ಮಿರಮಿರ ಮಿಂಚುವ ಬದನೆ. ಬಂದವರೆಲ್ಲ ಹೊಗಳಿದರು. ಮನೆಯೊಳಗೆ ಮಾತ್ರ ಮತ್ತೆ ಅದೇ "ಊಟ ಆತೇನು", "ಆತು". ಅವರು ಆ ಕಡೆ ಮುಖ ಮಾಡಿ ನೀರು ಹಾಕುತ್ತಿದ್ದರು, ಇವರು ಈ ಕಡೆ. ಬೇಸಿಗೆಯಲ್ಲಿ ಬಾವಿ ತಳ ಕಂಡಿತು. ನೀರಿಗಾದರೂ ಜಗಳವಾಡಿಯಾರೆಂದು ಕಾದೆ. ಇಬ್ಬರೂ ಸಮನಾಗಿ ಹಂಚಿಕೊಂಡರು. ಎಂಥ ಅನ್ಯಾಯ! ಕಡೆಗೊಂದು ದಿನ ಮಾವ, "ಇಲ್ಲಿ ಹೊತ್ತು ಹೋಗವಲ್ದವಾ. ಹಾವೇರಿಗೆ ಮಗಳ ಮನಿಗೆ ಹೋಗಿ ಇದ್ದುಬಿಡ್ತೀನಿ" ಎಂದರು. ಅತ್ತೆ ಕೇಳಿಸಿಕೊಂಡರು. ಅವರ ಕೈಯಲ್ಲಿದ್ದ ಮೊರ ಒಂದು ಗಳಿಗೆ ನಿಂತು, ಮತ್ತೆ ಅಕ್ಕಿ ಕೇರತೊಡಗಿತು.

ಮೊದಲ ಮಳೆ ಬಿದ್ದ ಮರುದಿನ, ಇಬ್ಬರೂ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ನಾನು ಮೆಲ್ಲಗೆ ಹೋಗಿ ಇಟ್ಟಿಗೆಯ ಸಾಲಿನ ನಟ್ಟನಡುವೆ ಒಂದು ಹಿಡಿ ಕುಂಬಳದ ಬೀಜ ಊರಿ ಬಂದೆ.

ಕುಂಬಳದ ಬಳ್ಳಿಗೆ ಗಡಿ ಗೊತ್ತಿಲ್ಲ, ನಾಚಿಕೆಯೂ ಇಲ್ಲ. ಮಳೆಯ ಹದಕ್ಕೆ ಅದು ಒಂದು ಕೈಯನ್ನು ಬದನೆಯ ಹೆಗಲಿಗೆ ಹಾಕಿತು, ಇನ್ನೊಂದನ್ನು ಗುಲಾಬಿಯ ಕೊರಳಿಗೆ. ಒಂದು ಬೆಳಿಗ್ಗೆ ಮಾವನ ಕೂಗು ಓಣಿಗೆಲ್ಲ ಕೇಳಿಸಿತು.

"ಏನಿದು? ನನ್ನ ಗುಲಾಬಿ ಮ್ಯಾಲೆ ನಿನ್ನ ಕುಂಬಳ ಹಬ್ಬೈತಿ!"

"ನಾ ಯಾಕ ಹಚ್ಲಿ? ನನ್ನ ಬದನಿ ಉಸಿರು ಕಟ್ಟಾಕತ್ತೈತಿ, ಕಾಣವಲ್ದೇನು ನಿಮಗ?"

"ಇವತ್ತ ಕಡದ ಒಗಿತೀನಿ!"

"ಮುಟ್ರಿ ನೋಡೋಣು! ಹೂ ಬಿಟ್ಟ ಬಳ್ಳಿ ಕಡೀತಾರೇನು ಯಾರರ?"

ನಾನು ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಆ ಜಗಳದಲ್ಲಿ ಎಲ್ಲಿಯೂ "ಗಿರಿಜಾ" ಇರಲಿಲ್ಲ. ಮಾತು ಮುಟ್ಟಿಸುವ ನೌಕರಿ ಹೋದವರಿಗೆ ಅಷ್ಟು ಖುಷಿಯಾದದ್ದನ್ನು ಯಾರೂ ಕಂಡಿರಲಾರರು.

ಕಡಿಯುವುದು ನಾಳೆಗೆ ಹೋಯಿತು, ನಾಳೆಯದು ನಾಡಿದ್ದಿಗೆ. ಅಷ್ಟರಲ್ಲಿ ಕಾಯಿ ಕಚ್ಚಿತು. ಅದು ಯಾರ ಕಡೆಯದು ಎಂಬ ವಾದಕ್ಕೆ ಸಂಜೆ ಇಬ್ಬರೂ ಹಿತ್ತಲಿಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಹಾವೇರಿಯ ವಿಚಾರ ಕೇಳಿದ್ದಕ್ಕೆ ಮಾವ ದನಿ ತಗ್ಗಿಸಿ ಹೇಳಿದರು: "ಹೆಂಗ ಹೋಗ್ಲಿ? ನನ್ನ ಮಾತಿಗೆ ಎಳ್ಯಾಕಂತನ ನಿಮ್ಮತ್ತಿ ಬೀಜ ಹಾಕ್ಯಾಳ. ಬಾಯಿಬಿಟ್ಟು ಇರು ಅನ್ನಾಕ ಆಕಿಗೆ ಬಿಗುಮಾನ."

ಗುಲಾಬಿಯ ಕಡೆ ಬಲಿತ ಮೊದಲ ಕಾಯಿಯನ್ನು ಮಾವನೇ ಕೊಯ್ದು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದರು. ಅತ್ತೆ ಅದನ್ನು ಹೆಚ್ಚುತ್ತ, ಸೆರಗಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತ, ಹೊಸ ಮದುಮಗಳ ದನಿಯಲ್ಲಿ ಪಿಸುಗುಟ್ಟಿದರು: "ಯಾರಿಗೂ ಹೇಳಬ್ಯಾಡ ಮತ್ತ. ಬೀಜ ಅವರ ಹಾಕ್ಯಾರವಾ, ನನ್ನ ಸಲುವಾಗಿ. ಇಷ್ಟು ವರ್ಷಕ್ಕ ನನಗಂತ ಒಂದು ಹಚ್ಚ್ಯಾರ ನೋಡು."

"ಹೌದ್ರಿ ಅತ್ತಿ, ಮತ್ತ್ಯಾರು ಹಚ್ತಾರ?" ಎಂದು ನಾನು ಬಹಳ ಗಂಭೀರವಾಗಿ ಹೇಳಿ, ಮುಖವನ್ನು ಒಲೆಯ ಕಡೆ ತಿರುಗಿಸಿ ಒಗ್ಗರಣೆಗೆ ಸಾಸಿವೆ ಹಾಕಿದೆ. ಬೀಜ ಊರಿದವರು ಬಾಯಿ ಮುಚ್ಚಿಕೊಂಡಿದ್ದರೆ ಬಳ್ಳಿ ಚೆನ್ನಾಗಿ ಹಬ್ಬುತ್ತದೆ.