ಅಣ್ಣನ ಸಹಿಗೆ ಇನ್ನೂ ಹದಿನಾರು ತಿಂಗಳ ಆಯಸ್ಸು

ನಮ್ಮ ಅಣ್ಣ ಮಲ್ಲಪ್ಪ ತೀರಿಕೊಂಡು ಎಂಟು ತಿಂಗಳಾದವು. ಆದರೆ ಅವನ ಸಹಿ ಇನ್ನೂ ಹದಿನಾರು ತಿಂಗಳು ಬದುಕಿರುತ್ತದೆ. ಇದು ನನ್ನ ಮಾತಲ್ಲ, ಸಹಿಯ ಜೊತೆಗೆ ಬಂದ ಪ್ರಮಾಣಪತ್ರದ ಮಾತು. ಎರಡು ವರ್ಷಕ್ಕೆಂದು ಮಾಡಿಸಿದ್ದು. ಮಾಡಿಸಿದ ವಾರದಲ್ಲೇ ಮನುಷ್ಯ ಹೋಗಿಬಿಟ್ಟ.

ಸಹಿ ಎಂದರೆ ಕಾಗದದ ಮೇಲಿನ ಗೀಚು ಎಂದುಕೊಳ್ಳಬೇಡಿ. ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ತುಂಡು ಅದು. ಎಲ್ಲರೂ ಟೋಕನ್ ಎನ್ನುತ್ತಾರೆ. ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಒಳಗೆ ಹಸಿರು ದೀಪವೊಂದು ಮಿಣುಕುತ್ತದೆ, ಆಮೇಲೆ ಅದೇ ಸಹಿ ಹಾಕುತ್ತದೆ. ಸಹಿಯ ಒಡೆಯ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಕೇಳುವ ಅಭ್ಯಾಸ ಅದಕ್ಕಿಲ್ಲ. ಸರ್ಕಾರಕ್ಕೆ ಏನನ್ನಾದರೂ ಮಾರಬೇಕೆನ್ನುವವರು ಈಗ ಮೊಟ್ಟಮೊದಲು ಸಂಪಾದಿಸಬೇಕಾದದ್ದು ಇದನ್ನೇ.

ಇಚಲಕರಂಜಿ ಪಕ್ಕದ ಕೊರೋಚಿಯಲ್ಲಿ ನಮ್ಮದೊಂದು ವಿದ್ಯುತ್ ಮಗ್ಗದ ಶೆಡ್ಡು ಇದೆ. ನೂಲು, ಲಾಳಿ, ಎಣ್ಣೆ ನನ್ನ ಪಾಲು. ಕಾಗದವೆಲ್ಲ ಅಣ್ಣನ ಪಾಲು. ನಾವು ನೇಯುವುದು ಸರ್ಕಾರಿ ಆಸ್ಪತ್ರೆಗಳ ಹಾಸಿಗೆ ಚಾದರ. ಮಲಗಿದವರು ಯಾರೂ ಅದರ ನೇಯ್ಗೆಯನ್ನು ಹೊಗಳುವ ಸ್ಥಿತಿಯಲ್ಲಿರುವುದಿಲ್ಲ ಎಂಬುದೊಂದೇ ಕೊರತೆ.

ಹಿಂದೆ ಟೆಂಡರ್ ಎಂದರೆ ಲಕೋಟೆ. ಅಣ್ಣ, ನಾನು ಎಸ್ಟಿ ಬಸ್ಸು ಹಿಡಿದು ಕೊಲ್ಹಾಪುರದ ಕಚೇರಿಗೆ ಹೋಗುತ್ತಿದ್ದೆವು. ಎರಡು ಲಕೋಟೆ, ಎರಡಕ್ಕೂ ಅರಗಿನ ಮುದ್ರೆ. ಒಂದರಲ್ಲಿ ನೀನು ಯಾರು, ಈ ಮೊದಲು ಎಲ್ಲೆಲ್ಲಿ ಏನೇನು ಮಾಡಿದ್ದೀ, ಯಾರಿಗಾದರೂ ಮೋಸ ಮಾಡಿದ್ದುಂಟೇ ಎಂಬುದರ ದಾಖಲೆ. ಇನ್ನೊಂದರಲ್ಲಿ ನಿನ್ನ ದರ. ಮೊದಲನೆಯದರಲ್ಲಿ ಪಾಸಾದವನ ಎರಡನೆಯದನ್ನು ಮಾತ್ರ ಒಡೆಯುತ್ತಾರೆ. ಯಮನ ಕಚೇರಿಯಲ್ಲೂ ಇದೇ ಪದ್ಧತಿ ಇದ್ದೀತು ಎಂದು ನನಗೆ ಆಗಲೇ ಅನ್ನಿಸಿತ್ತು. ಪೆಟ್ಟಿಗೆಯೊಳಗೆ ಲಕೋಟೆ ಬಿದ್ದ ಸದ್ದು ಕಿವಿಗೆ ಬಿದ್ದ ಮೇಲೆಯೇ ಅಣ್ಣ ಚಹಾ ಕುಡಿಯುತ್ತಿದ್ದ. ಸರ್ಕಾರದ ಆನ್‌ಲೈನ್ ಪೋರ್ಟಲ್ ಬಂದ ಮೇಲೆ ಬಸ್ಸು ತಪ್ಪಿತು, ಸದ್ದೂ ತಪ್ಪಿತು. ದಿನಾ ಹನ್ನೊಂದರ ಚಹಾ ಮುಗಿಸಿ, ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಕುಳಿತು ಹೊಸ ಟೆಂಡರ್ ಬಂದಿದೆಯೇ ಎಂದು ನೋಡುವುದು ಅವನ ನಿತ್ಯನೇಮವಾಯಿತು.

ಅವನು ಹೋದ ಮೇಲೆ ಆ ಕೋಣೆಗೆ ಯಾರೂ ಹೋಗಲಿಲ್ಲ. ಹಾಗೆಂದು ನಾನು ತಿಳಿದಿದ್ದೆ.

ಹಳೆಯ ಆರ್ಡರು ಮುಗಿದು ಅರ್ಧ ಮಗ್ಗಗಳು ನಿಂತವು. ನಿಂತ ಮಗ್ಗದ ಮೌನ ಎಂಥದ್ದೆಂದು ಮಗ್ಗದವರಿಗೇ ಗೊತ್ತು. ಕಿವಿಯೊಳಗೆ ಯಾರೋ ಬೆರಳಿಟ್ಟ ಹಾಗಾಗುತ್ತದೆ. ಅಷ್ಟರಲ್ಲಿ ಚಾದರದ ಹೊಸ ಟೆಂಡರ್ ಬಂತು. ಇದು ತಪ್ಪಿದರೆ ಮಗ್ಗಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಬೇಕು, ಬೇರೆ ದಾರಿಯೇ ಇರಲಿಲ್ಲ. ಇಚಲಕರಂಜಿಯಲ್ಲಿ ಅರ್ಜಿ ತುಂಬಿಕೊಡುವ ಪೋಪಟರಾವ್ ಬಳಿಗೆ ಓಡಿದೆ. ಸಂಗತಿ ಕೇಳಿ ಅವರು ತಲೆಯನ್ನೂ ಎತ್ತಲಿಲ್ಲ.

“ಟೋಕನ್ ಚಾಲೂ ಆಹೆ ನಾ? ಮಗ ಕಸಲೀ ಕಾಳಜೀ?”

ಟೋಕನ್ ನಡೆಯುತ್ತಿದ್ದರೆ ಚಿಂತೆ ಯಾತಕ್ಕೆ, ಎಂದರೆ ಅಣ್ಣನ ಸಹಿಯನ್ನೇ ಒತ್ತಿಬಿಡಿ ಎಂದು ಅರ್ಥ. ನಾನು ಬೆಚ್ಚಿಬಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಖರೆ ಹೇಳುತ್ತೇನೆ, ನನಗೆ ಹಾಯೆನಿಸಿತು.

ಟೋಕನ್ ಇದ್ದದ್ದು ಮನೆಯ ದೇವರ ಜಗುಲಿಯ ಮೇಲೆ. ಖಂಡೇನವಮಿಯ ದಿನ ನಾವು ಲಾಳಿ, ಕತ್ತರಿ, ಪಾನಾಗಳನ್ನೆಲ್ಲ ಸಾಲಾಗಿಟ್ಟು ಪೂಜೆ ಮಾಡುತ್ತೇವೆ. ಅಣ್ಣನ ಹೆಂಡತಿ ಗಂಗವ್ವ ವೈನಿ ಟೋಕನ್ನನ್ನೂ ಆ ಸಾಲಿಗೆ ಸೇರಿಸಿ, ಮೂರು ಬೆರಳಿನ ವಿಭೂತಿ ಎಳೆದಿದ್ದರು. ಅಂದಿನಿಂದ ಅದು ಲಿಂಗದ ಪಕ್ಕದ ಹಿತ್ತಾಳೆ ಬಟ್ಟಲಲ್ಲೇ ಇತ್ತು. ಅಣ್ಣನ ಫೋನೂ ಪಕ್ಕದಲ್ಲೇ. ಒಂದು ಮಧ್ಯಾಹ್ನ ವೈನಿ ಅತ್ತ ಹೋದದ್ದು ನೋಡಿ ನಾನು ಟೋಕನ್ ಎತ್ತಿಕೊಂಡು ಗಾಜಿನ ಕೋಣೆಗೆ ಹೋದೆ. ಚುಚ್ಚಿದೆ. ಕಂಪ್ಯೂಟರ್ ಗುರುತಿಸಲೊಲ್ಲದು. ತೆಗೆದು ನೋಡಿದರೆ ಬಾಯಿಯ ತುಂಬ ವಿಭೂತಿ. ಊದಿದಾಗ ಬೂದಿ ಮುಖಕ್ಕೆ ಹಾರಿತು. ಹಬ್ಬ ಎಂದೋ ಆಗಿಹೋಗಿತ್ತು; ಈ ವಿಭೂತಿ ಇಂದೇ ಹಚ್ಚಿದ್ದರಂತಿತ್ತು.

ಕ್ಯಾಲೆಂಡರಿನ ಹಿಂದೆ ಅಣ್ಣ ಬರೆದಿಟ್ಟಿದ್ದ ಪಿನ್ ಒತ್ತಿದೆ. ಹಸಿರು ದೀಪ ಮಿಣುಕಿತು. ಪರದೆಯ ಮೇಲೆ ‘ವೆಲ್‌ಕಮ್ ಮಲ್ಲಪ್ಪ’ ಎಂದು ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕೊನೆಯ ಬಾರಿ ಒಳಗೆ ಬಂದದ್ದು ಇಂದು, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ.

ಕುರ್ಚಿಯಲ್ಲಿ ಸರಿದು ಕುಳಿತೆ. ಕುರ್ಚಿ ಅವನದು. ಪೋರ್ಟಲಿನ ಗಡಿಯಾರ ಕೆಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಟೋಕನ್ನನ್ನು ಬಟ್ಟಲಲ್ಲಿಟ್ಟು ಬಂದೆ. ಮರುದಿನ ಮಧ್ಯಾಹ್ನ ಮತ್ತೆ ನೋಡಿದೆ. ಇಂದು, ಹನ್ನೊಂದು ಗಂಟೆ ಹತ್ತು ನಿಮಿಷ. ಸತ್ತವರು ಮರಳಿ ಬರುತ್ತಾರೆಂದು ನಂಬುವ ಮನುಷ್ಯ ನಾನಲ್ಲ. ಆದರೆ ಬಂದರೆ ನಮ್ಮಣ್ಣ ನೇರ ಟೆಂಡರ್ ನೋಡಲಿಕ್ಕೇ ಬರುತ್ತಾನೆಂಬುದರಲ್ಲಿ ನನಗೆ ಸಂಶಯವೂ ಇರಲಿಲ್ಲ.

ಮೂರನೆಯ ದಿನ ಹನ್ನೊಂದಕ್ಕೆ ನಿಂತ ಮಗ್ಗಗಳ ಹಿಂದೆ ಕಳ್ಳನಂತೆ ನಿಂತೆ. ಗಾಜಿನಾಚೆ ಹಸಿರು ದೀಪ ಮಿಣುಕುತ್ತಿತ್ತು. ಅಣ್ಣನ ಕುರ್ಚಿಯಲ್ಲಿ ಯಾರೋ ಕುಳಿತಿದ್ದರು, ತಲೆಯ ಮೇಲೆ ಸೆರಗು. ನನ್ನ ಕಾಲು ತಾಗಿ ಎಣ್ಣೆ ಡಬ್ಬಿ ಉರುಳಿತು. ಸೆರಗು ಇತ್ತ ತಿರುಗಿತು.

“ಬರ್ರಿ ಸೋಮಣ್ಣಾ,” ಎಂದರು ವೈನಿ. “ನಾನ ಅದೇನಿ.”

ಗಡಹಿಂಗ್ಲಜದಿಂದ ಸೊಸೆಯಾಗಿ ಬಂದು ಮೂವತ್ತೆರಡು ವರ್ಷ. ಗಂಡನ ಹೆಸರನ್ನು ಅವರು ಒಮ್ಮೆಯೂ ಬಾಯಲ್ಲಿ ತಂದವರಲ್ಲ. ಅಂಗಡಿಯವರು ಕೇಳಿದರೆ ನನ್ನ ಮುಖ ನೋಡುತ್ತಿದ್ದರು.

“ಲಗ್ನದಾಗ ಗಂಡನ ಹೆಸರು ಕೂಡಿಸಿ ಒಡಪ ಹೇಳುಮುಂದ ಒಮ್ಮೆ ಅಂದಿದ್ದೆ, ಅಷ್ಟರೀ. ಇಲ್ಲಿ ಬೆರಳಿಲೆ ಒತ್ತಿದ್ರ ಹೆಸರು ತಾನ ಬರತೈತಿ. ಬಾಯಿ ತಗಿಯೂದು ಬ್ಯಾಡ. ಬರ್ರಿ ಅಂತ ಬ್ಯಾರೆ ಕರೀತೈತಿ ಅವರನ್ನ. ಮನ್ಯಾಗ ಈಗ ಯಾರ ಕರೀತಾರ ಹೇಳ್ರಿ?”

ಅಂಥ ಹೊತ್ತಿನಲ್ಲೂ, ನಾಚಿಕೆಯಿಲ್ಲದೆ, ಪೋಪಟರಾವ್ ಹೇಳಿದ್ದನ್ನು ಅವರಿಗೆ ಒದರಿದೆ. ವೈನಿ ಟೋಕನ್ನನ್ನು ಕಿತ್ತು ಮುಷ್ಟಿಯೊಳಗೆ ಹಿಡಿದರು.

“ನಾ ಬರೇ ನೋಡೀನಿ. ಯಾವುದಕ್ಕೂ ಸಹಿ ಮಾಡಿಲ್ಲ. ನೀವು ಅವರ ತಣ್ಣನ ಕೈ ಹಿಡದು ಸಹಿ ಮಾಡಸಾಕ ಹೊಂಟೀರಲ್ಲ ಸೋಮಣ್ಣಾ.”

ಟೆಂಡರಿಗೆ ಇನ್ನೂ ಒಂಬತ್ತು ದಿನವಿತ್ತು. ಫರ್ಮಿನಲ್ಲಿ ವೈನಿಯೂ ಪಾಲುದಾರರು. ಅವರ ಹೆಸರಲ್ಲೇ ಹೊಸ ಟೋಕನ್ ಮಾಡಿಸುವುದೆಂದು ಅಲ್ಲೇ ನಿಶ್ಚಯವಾಯಿತು.

ಟೋಕನ್ ಕೊಡುವವರು ಮೊದಲು ನೀವು ಬದುಕಿದ್ದೀರೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಫೋನಿನ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಬೇಕು, ಪೂರ್ತಿ ಹೆಸರು ಹೇಳಬೇಕು. ವೈನಿ ಕಣ್ಣು ಮಿಟುಕಿಸಿದರು. “ಗಂಗವ್ವ” ಎಂದು, ಒಂದು ಉಸಿರು ಬಿಟ್ಟು, ಮನೆತನದ ಹೆಸರು ಹೇಳಿದರು. ದಾಖಲೆಯೊಂದಿಗೆ ಹೊಂದುತ್ತಿಲ್ಲವೆಂದು ವಾಪಸಾಯಿತು. ಎರಡನೆಯ ಸಲವೂ ಅದೇ. ನಮ್ಮ ಮಹಾರಾಷ್ಟ್ರದ ಕಾಗದಗಳಲ್ಲಿ ಹೆಂಗಸಿನ ಹೆಸರಿನ ನಡುವೆ ಗಂಡನ ಹೆಸರು ಇರುತ್ತದೆ. ಅದನ್ನು ದಾಟಿ ಮುಂದೆ ಹೋಗಲು ಬರುವುದಿಲ್ಲ.

“ನೀವು ಹೊರಗ ನಿಂದರ್ರಿ,” ಎಂದರು ನನಗೆ.

ಗಾಜಿನ ಕೋಣೆಯ ಬಾಗಿಲಾಚೆ ನಿಂತೆ. ನಡೆಯುತ್ತಿದ್ದ ಮಗ್ಗಗಳೂ ಕರೆಂಟ್ ಹೋಗಿ ಆ ಹೊತ್ತಿಗೇ ನಿಂತವು. ಇಡೀ ಶೆಡ್ಡು ಉಸಿರು ಬಿಗಿಹಿಡಿದ ಹಾಗಾಯಿತು. ಒಳಗಿನಿಂದ ವೈನಿಯ ದನಿ ಕೇಳಿತು, ಹೊಸ ಮದುಮಗಳ ಹಾಗೆ ಸಣ್ಣಗೆ: “ಗಂಗವ್ವ... ಮಲ್ಲಪ್ಪ...” ಯಾರೋ ಹಿಂದೆ ನಿಂತು ಓಗೊಟ್ಟಂತಾಗಿ ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮೈಮೇಲಿನ ಕೂದಲು ಮಾತ್ರ ಸಂಜೆಯವರೆಗೂ ಇಳಿಯಲಿಲ್ಲ.

ಹೊಸ ಟೋಕನ್ ಬಂತು. ಪೋರ್ಟಲಿನಲ್ಲಿ ಅಣ್ಣನ ಜಾಗಕ್ಕೆ ವೈನಿಯನ್ನು ತರಬೇಕಾದರೆ ಅಣ್ಣನ ಒಪ್ಪಿಗೆ ಬೇಕಂತೆ. ಅದಕ್ಕಾಗಿ ಅವನ ಫೋನಿಗೇ ಒಟಿಪಿ ಕಳಿಸುತ್ತಾರಂತೆ. ಜಗುಲಿಯ ಮೇಲೆ ಫೋನು ಟಿಣ್ ಎಂದಿತು. ಎಂಟು ತಿಂಗಳೂ ವೈನಿ ಅದಕ್ಕೆ ದಿನಾ ಚಾರ್ಜ್ ಮಾಡಿದ್ದರು. ಆರು ಅಂಕಿಗಳನ್ನು ಒಂದೊಂದಾಗಿ ಓದಿ, “ಒಪ್ಪ್ಯಾರ ನೋಡ್ರಿ,” ಎಂದರು.

ಚಾದರದ ಕೆಲಸ ನಮಗೇ ಸಿಕ್ಕಿತು. ಮಗ್ಗಗಳೆಲ್ಲ ಮತ್ತೆ ಒದರುತ್ತಿವೆ, ಕಿವಿಗೆ ತಂಪು. ಅಣ್ಣನ ಟೋಕನ್ನನ್ನು ರದ್ದು ಮಾಡಿಸಿದೆವು. ಶೀರ್ಷಿಕೆಯಲ್ಲಿ ನಾನು ಹೇಳಿದ ಹದಿನಾರು ತಿಂಗಳು ಹಾಗಾಗಿ ಸುಳ್ಳಾಯಿತು, ಕ್ಷಮಿಸಿ. ಅದು ಈಗಲೂ ಜಗುಲಿಯ ಬಟ್ಟಲಲ್ಲಿದೆ, ವಿಭೂತಿ ಎಷ್ಟು ಹಚ್ಚಿದರೂ ಯಾರ ಅಭ್ಯಂತರವೂ ಇಲ್ಲ.

ಹನ್ನೊಂದು ಹತ್ತಕ್ಕೆ ಗಾಜಿನ ಕೋಣೆಯಲ್ಲಿ ಈಗಲೂ ಹಸಿರು ದೀಪ ಮಿಣುಕುತ್ತದೆ. ಪರದೆ ವೈನಿಯನ್ನು ಮೂರು ಹೆಸರು ಹಿಡಿದು ಸ್ವಾಗತಿಸುತ್ತದೆ. ಹೊಸ ಟೆಂಡರ್ ಹುಡುಕುವ ಮೊದಲು ಅವರು ಒಂದು ಗಳಿಗೆ ಸುಮ್ಮನೆ ಕೂರುತ್ತಾರೆ, ನಡುವಿನದನ್ನು ನೋಡುತ್ತ.