ನಾಲ್ಕು ಬಿಲ್ಲೆ, ಅರ್ಧ ಟ್ಯಾಂಕು

ಸಿಡುಕು ಮೇಸ್ತ್ರಿ ತೀರಿಕೊಂಡು ಇವತ್ತಿಗೆ ಮೂರು ವಾರ. ಬೀದಿಯ ಕೊನೆಯ ಆ ಶೆಡ್ಡಿನ ಮುಂದೆ ಈಗ ಎಷ್ಟು ಹೊತ್ತು ನಿಂತರೂ ಯಾರೂ ಬೈಯುವುದಿಲ್ಲ. ರಿಪೇರಿಗೆ ಅವನು ಹಳೆಯ ಟ್ರ್ಯಾಕ್ಟರುಗಳನ್ನು ಮಾತ್ರ ಮುಟ್ಟುತ್ತಿದ್ದ. ಹೊಸದನ್ನು ತಂದವರಿಗೆ, "ಇದಕ್ಕೆ ಕೋಟು ಹಾಕಿದ ಡಾಕ್ಟರು ಬೇಕು, ಮುಂದೆ ನಡಿ" ಎನ್ನುತ್ತಿದ್ದ. ಅವನಿಗೆ ಒಳ್ಳೆಯ ಮಾತು ಬರುತ್ತಿರಲಿಲ್ಲ. ಅದನ್ನು ಅವನ ಅಕ್ಕನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ಅಕ್ಕನ ಮನೆಯ ಟ್ರ್ಯಾಕ್ಟರು ಅವರ ಅಪ್ಪ ಕೊಂಡದ್ದು, ಮೇಸ್ತ್ರಿಗಿಂತ ಆರು ವರ್ಷ ದೊಡ್ಡದು. ಓಡಿಸುವವಳು ಅಕ್ಕ. ಅವಳ ಗಂಡನಿಗೆ ಕ್ಲಚ್ಚು ಕಂಡರೆ ಆಗದು. ಹುಕುಂ ಮಾಡುವುದಕ್ಕೆ ಕ್ಲಚ್ಚು ಬೇಕಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವನು ದಿಣ್ಣೆಯ ಮೇಲಿನ ಹಣ್ಣಿನ ಸಸಿಗಳಿಗೆ ನೀರು ಸಾಗಿಸಲು ನಾನೂರು ಲೀಟರಿನ ಟ್ಯಾಂಕು ತಂದು ಟ್ರ್ಯಾಕ್ಟರಿನ ಹಿಂದೆ, ನೇಗಿಲು ಎತ್ತುವ ತೋಳುಗಳಿಗೆ ಕೂರಿಸಿದ. ಮೊದಲ ದಿನವೇ ಏರಿನಲ್ಲಿ ಮುಂದಿನ ಚಕ್ರಗಳು ನೆಲ ಬಿಟ್ಟವು. ಅಕ್ಕ ಸ್ಟೀರಿಂಗ್ ತಿರುಗಿಸಿದಳು, ಗಾಡಿ ತಿರುಗಲಿಲ್ಲ. ಕ್ಲಚ್ಚು ತುಳಿದ ಮೇಲೆ ಮೂತಿ ಧೊಪ್ಪನೆ ಕೆಳಗೆ ಬಿತ್ತು. ಇನ್ನಷ್ಟು ಎದ್ದಿದ್ದರೆ ಹಿಂದಕ್ಕೆ ಮಗುಚಿ ಅವಳ ಮೇಲೇ ಬೀಳುತ್ತಿತ್ತು.

"ಮುಂದಕ್ಕೆ ಭಾರ ಹಾಕಿದ್ರೆ ಆಯ್ತಪ್ಪ," ಎಂದ ಗಂಡ. "ನಿನ್ನ ತಮ್ಮನಿಗೆ ಹೇಳು, ಎಷ್ಟು ಹಿಡಿಯುತ್ತೋ ಅಷ್ಟು ಹೇರಲಿ."

ಮೇಸ್ತ್ರಿ ಗಾಡಿಯನ್ನು ಲಾರಿ ತೂಗುವ ಕಟ್ಟೆಗೆ ಒಯ್ಯಿಸಿದ. ಟ್ಯಾಂಕನ್ನು ಮೇಲೆತ್ತಿಸಿ, ಮುಂದಿನ ಚಕ್ರಗಳನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿದ. ಟ್ಯಾಂಕು ಖಾಲಿ ಇದ್ದಾಗೊಮ್ಮೆ, ಅರ್ಧ ಇದ್ದಾಗೊಮ್ಮೆ, ತುಂಬಿದಾಗೊಮ್ಮೆ ತೂಗಿದ. ಹಿಂದೆ ನೀರು ಏರಿದಷ್ಟೂ ಮುಂದೆ ತೂಕದ ಮುಳ್ಳು ಇಳಿಯುತ್ತಿತ್ತು.

"ಮುಂದೆ ನಾಲ್ಕು ಕಬ್ಬಿಣದ ಬಿಲ್ಲೆ, ಒಂದೊಂದು ಇಪ್ಪತ್ತು ಕೆಜಿ. ನೀರು ಅರ್ಧ ಟ್ಯಾಂಕು. ಅದರ ಮೇಲೆ ಒಂದು ಚೊಂಬು ಕೂಡ ಇಲ್ಲ."

"ಎಂಟು ಹಾಕು. ನಾನು ಪೂರ್ತಿ ತುಂಬಿಸ್ತೀನಿ," ಎಂದ ಜೊತೆಗೆ ಬಂದಿದ್ದ ಅಕ್ಕನ ಗಂಡ.

"ಭಾವ, ಮುಂದಿನ ಅಚ್ಚು ನಿಂತಿರೋದು ನಡುವಿನ ಒಂದು ಪಿನ್ನಿನ ಮೇಲೆ. ನಿಮ್ಮ ಹಟ ಹೊರೋಕೆ ಅದನ್ನ ಮಾಡಿಲ್ಲ."

"ನೀನು ರಿಪೇರಿಯವನು. ತೋಟ ನಂದು."

"ಸೀಟಲ್ಲಿ ಕೂರೋಳು ನನ್ನಕ್ಕ. ನೀವು ಕೂತ್ಕೊಳ್ಳಿ, ಹದಿನಾರು ಬಿಲ್ಲೆ ಹಾಕ್ಕೊಡ್ತೀನಿ."

ಭಾವ ಅಲ್ಲಿಂದ ನೇರವಾಗಿ ಗೇಟು ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಗೆ ಹೋದ. ಅವರು ಎರಡು ತುಂಡು ರೈಲುಕಂಬಿಯನ್ನು ಮುಂದಿನ ಅಚ್ಚಿಗೇ ಬೆಸೆದುಕೊಟ್ಟರು. ವಾರ ಕಳೆಯುವುದರೊಳಗೆ ಸ್ಟೀರಿಂಗು ಎಮ್ಮೆಯಂತಾಯಿತು. ಅಕ್ಕ ಗಂಡನಿಗೆ ಹೇಳದೆ ಗಾಡಿಯನ್ನು ಶೆಡ್ಡಿಗೆ ತಂದಳು.

ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಟಾರ್ಚ್ ಹಿಡಿದು ಅಡಿಗೆ ನುಗ್ಗಿದ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಬಹಳ ಹೊತ್ತು ಅಲ್ಲೇ ಇದ್ದ. ಎದ್ದು ಬಂದವನು ಯಾರನ್ನೂ ಬೈಯಲಿಲ್ಲ. ಅಕ್ಕನಿಗೆ ನಿಜವಾಗಿ ಭಯವಾದದ್ದು ಆಗ.

ಗುಜರಿಗೆ ಹೋಗಲಿದ್ದ ಅದೇ ಮಾದರಿಯ ಗಾಡಿಯಿಂದ ಅವನು ಬೇರೆ ಅಚ್ಚು ಬಿಚ್ಚಿ ತಂದು ಕೂರಿಸಿದ. ಅಚ್ಚಿನ ತಂಟೆಗೆ ಹೋಗದೆ, ಮೂತಿಯ ಚೌಕಟ್ಟಿನಲ್ಲಿ ಕಂಪನಿಯವರೇ ಬಿಟ್ಟಿದ್ದ ತೂತುಗಳಿಗೆ ದಪ್ಪ ಪಟ್ಟಿಯೊಂದನ್ನು ಬೋಲ್ಟು ಮಾಡಿದ. ಬಿಲ್ಲೆಗಳನ್ನು ಎತ್ತಿ ಅದಕ್ಕೆ ನೇತುಹಾಕಿ, ಅಲುಗದಂತೆ ನಾಲ್ಕಕ್ಕೂ ಅಡ್ಡಲಾಗಿ ಒಂದೇ ಉದ್ದ ಬೋಲ್ಟು ಬಿಗಿದ. ಆಮೇಲೆ ಡ್ರಿಲ್ಲು ತೆಗೆದುಕೊಂಡು ಹಿಂದಕ್ಕೆ ಹೋದ. ಟ್ಯಾಂಕಿನ ಸೀಟಿನ ಕಡೆಯ ಮಗ್ಗುಲಲ್ಲಿ, ಸರಿಯಾಗಿ ಅರ್ಧ ಎತ್ತರಕ್ಕೆ, ಹೆಬ್ಬೆರಳು ಹೋಗುವಷ್ಟು ತೂತು ಕೊರೆದ.

ಅಷ್ಟರಲ್ಲಿ ಭಾವ ಹುಡುಕಿಕೊಂಡು ಬಂದ.

"ಹೊಸ ಟ್ಯಾಂಕು ತೂತು ಮಾಡಿದ್ಯೇನೋ?"

"ಹೌದು. ನಿಮ್ಮ ತಲೆಗೆ ಈ ಡ್ರಿಲ್ಲು ಸಾಲಲ್ಲ."

"ಇವತ್ತಿಂದ ನನ್ನ ಹೊಸಿಲು ತುಳಿಬೇಡ."

"ಸರಿ. ನನ್ನ ಕಾಲಿನ ಗ್ರೀಸಿಗೂ ಒಂದು ಮರ್ಯಾದೆ ಇದೆ."

ಒಂಬತ್ತು ವರ್ಷ ಇಬ್ಬರೂ ಮಾತಾಡಲಿಲ್ಲ. ಭಾವ ಮರದ ಬೆಣೆ ಕೆತ್ತಿ ತೂತಿಗೆ ಜಡಿಯುವುದು, ದಿಣ್ಣೆ ಹತ್ತುವ ಮುಂಚೆ ಅಕ್ಕ ಅದನ್ನು ಕಿತ್ತು ಬೇಲಿಯಾಚೆ ಎಸೆಯುವುದು, ಅವನು ಇನ್ನೊಂದು ಕೆತ್ತುವುದು. ಗ್ರೀಸ್ ಹಾಕಿಸಲು ಶೆಡ್ಡಿಗೆ ಹೋದಾಗಲೆಲ್ಲ ತಮ್ಮ ಮೊದಲು ಆ ಉದ್ದ ಬೋಲ್ಟಿಗೆ ಪಾನಾ ಹಾಕಿ ನೋಡುತ್ತಿದ್ದ. ಬಿಲ್ಲೆಗೆ ಮೆತ್ತಿದ ಕೆಸರಿಗಾಗಿ ಅವಳನ್ನು ಬೈಯುತ್ತಿದ್ದ. ಕೊನೆಗೆ ತಲೆಯೆತ್ತದೆ ಕೇಳುತ್ತಿದ್ದ:

"ಬೆಣೆ?"

"ಕಿತ್ತೆ."

ಅಕ್ಕ ತಮ್ಮನ ನಡುವೆ ಇದ್ದ ಕುಶಲಪ್ರಶ್ನೆ ಇಷ್ಟೇ.

ಮೂರು ವಾರದ ಹಿಂದೆ ಎದೆ ಹಿಡಿದುಕೊಂಡು ಶೆಡ್ಡಿನ ಸ್ಟೂಲಿನ ಮೇಲೆ ಕೂತ ಮೇಸ್ತ್ರಿ ಮತ್ತೆ ಏಳಲಿಲ್ಲ. ಸಾವಿಗೆ ಭಾವ ಬಂದಿದ್ದ, ಆದರೆ ರಸ್ತೆಯಲ್ಲೇ ನಿಂತ. "ಅವನು ನನ್ನ ಮನೆಗೆ ಬಂದಿದ್ನಾ?" ಎಂದು ಒಳಗೆ ಕರೆಯಲು ಹೋದವರನ್ನು ಕೇಳಿದ.

ಮೊನ್ನೆ ಅಕ್ಕ ಮತ್ತೆ ಟ್ರ್ಯಾಕ್ಟರು ಹೊರಗೆ ತೆಗೆದಳು. ಸೀಟಿನಿಂದ ಹಿಂತಿರುಗಿ ನೋಡಿದರೆ ತೂತಿನಲ್ಲಿ ಹೊಸ ಬೆಣೆ, ಸುತ್ತಲೂ ಟಾರು ಬಳಿದಿದೆ. ನೀರು ಅರ್ಧ ದಾಟಿ ಏರುತ್ತಿದೆ.

"ಇನ್ನು ಕೇಳೋರು ಯಾರಿದ್ದಾರೆ," ಎಂದ ಗಂಡ, ಪೈಪು ಹಿಡಿದುಕೊಂಡೇ. "ಎರಡೆರಡು ಸಲ ಓಡಾಡೋದು ತಪ್ಪಿತು."

ಅಕ್ಕ ಇಂಜಿನ್ ನಿಲ್ಲಿಸಿದಳು. ಇಳಿದು ಬಂದು ಕೀಯನ್ನು ಅವನ ಅಂಗೈಯಲ್ಲಿಟ್ಟಳು.

"ನೀವೇ ಹತ್ಸಿ."

"ನಂಗೆಲ್ಲಿ ಬರುತ್ತೆ?"

"ಹೇಳ್ಕೊಡ್ತೀನಿ. ಕೂತ್ಕೊಳ್ಳಿ."

ಬಿಟ್ಟರೆ ಮಾನ ಹೋದೀತೆಂದು ಅವನು ಹತ್ತಿ ಕೂತ. ಒಂಬತ್ತು ವರ್ಷದಲ್ಲಿ ಮೊದಲ ಸಲ ದಿಣ್ಣೆಯನ್ನು ಆ ಸೀಟಿನಿಂದ ನೋಡಿದ. ಮುಂದೆ ಬಿಲ್ಲೆ ನಾಲ್ಕೇ. ಬೆನ್ನಿಗೆ ಒಂದು ಮೊಳ ದೂರದಲ್ಲಿ ನೀರು ಕುಲುಕುತ್ತಿತ್ತು. ಅಕ್ಕ ಕೈ ಕಟ್ಟಿಕೊಂಡು, ಗಾಡಿ ಮಗುಚಿದರೂ ತಗುಲದಷ್ಟು ದೂರ ಸರಿದು ನಿಂತಳು.

ಅವನು ಇಳಿದ. ಇಕ್ಕಳ ತಂದು ಬೆಣೆಯನ್ನು ಎಳೆದ. ನೀರು ಅವನ ಪಾದದ ಮೇಲೇ ಚಿಮ್ಮಿತು.

"ಸತ್ತ ಮೇಲೂ ನನ್ನ ಟ್ಯಾಂಕು ಹಾಳು ಮಾಡ್ತಾನೆ, ದರಿದ್ರದವನು," ಎಂದ.

ಅಕ್ಕ ಧಾರೆ ನಿಲ್ಲುವವರೆಗೂ ಕಾದಳು. ಆಮೇಲೆ ಪಾನಾ ತೆಗೆದುಕೊಂಡು ಮುಂದಕ್ಕೆ ಹೋಗಿ, ಆ ಉದ್ದ ಬೋಲ್ಟನ್ನು ತಾನೇ ಬಿಗಿದು ನೋಡಿ, ಸೀಟು ಹತ್ತಿದಳು.