ದಾರ್ಕಾ ಹಿಡಿದ ಹೊಗೆ

ಕೆನಡಾದ ಸಸ್ಕಾಚೆವಾನಿನ ಕಲ್ಲಿದ್ದಲ ಊರಲ್ಲಿ ಹುಟ್ಟಿದವರಿಗೆ ಕಿಟಕಿಯ ಮಸಿ ಒರೆಸುವುದು ಹಲ್ಲುಜ್ಜಿದಷ್ಟೇ ಸಹಜ. ದಾರ್ಕಾ ಹ್ರಿಚುಕ್ ಐದನೇ ವಯಸ್ಸಿನಿಂದ ಒರೆಸಿದವಳು. ಅಪ್ಪ ಓಸ್ತಾಪ್ ಮೂವತ್ತೆಂಟು ವರ್ಷ ದೈತ್ಯ ಯಂತ್ರದಲ್ಲಿ ಕೂತು ನೆಲ ಬಗೆದು ಕಲ್ಲಿದ್ದಲು ಎತ್ತಿದ. ಮಗಳು ಅದನ್ನು ಉರಿಸುವ ವಿದ್ಯುತ್ ಸ್ಥಾವರ ಸೇರಿದಳು. ಐವತ್ತರ ಹೊಸ್ತಿಲಲ್ಲಿ ಅವಳ ಸುಪರ್ದಿಗೆ ಹೊಸ ಗೋಪುರವೊಂದು ಬಂತು.

ಅದೇನು ಮಾಯೆಯೋ! ಹೊಗೆಯನ್ನು ಒಳಗೆ ಹಾಯಿಸಿ ಮೇಲಿಂದ ಒಂದು ದ್ರಾವಣ ಸುರಿಸಿದರೆ, ಅದು ಇಂಗಾಲದ ಡೈಆಕ್ಸೈಡನ್ನು ಗಟಗಟ ಕುಡಿದುಬಿಡುತ್ತದೆ. ಕಾಯಿಸಿದರೆ ಕುಡಿದದ್ದೆಲ್ಲ ಕಕ್ಕಿ, ಮತ್ತೆ ಕುಡಿಯಲು ತಯಾರು. ಕಕ್ಕಿದ್ದನ್ನು ಕೊಳವೆಯಲ್ಲಿ ಒತ್ತಿ ನೆಲದಾಳಕ್ಕೆ ಕಳಿಸುತ್ತಾರೆ. ಮೊದಲ ದಿನ, ಹಿಡಿದ ಅನಿಲ ಅಳೆಯುವ ಮಾಪಕದ ಮುಳ್ಳು ಏರಿದಾಗ ದಾರ್ಕಾಗೆ ಮೈ ಜುಮ್ಮೆಂದು ಕಣ್ಣು ತುಂಬಿಬಂತು. ಇದನ್ನು ಅಪ್ಪ ನಂಬಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು. 'ಆಕಾಶ ಕೆಡಿಸಿದವರು ನಾವಂತೆ' ಎಂದು ಟಿವಿ ನೋಡಿ ನೋಡಿ ಕುಗ್ಗಿದ ಮುದುಕ, ಗೆಳೆಯರು ಸೇರುವ ಕಾಫಿ ಅಂಗಡಿಗೆ ಕಾಲಿಟ್ಟು ಎರಡು ವರ್ಷವಾಗಿತ್ತು.

"ಯಾರ್ ಕಿವಿ ಮೇಲೆ ಹೂ ಇಡ್ತೀಯೇ?" ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಹೇಳಿದ್ದಕ್ಕೆ ಅವನು ಕಿಟಕಿಯಿಂದ ಸ್ಥಾವರದ ಚಿಮಣಿ ತೋರಿಸಿದ. "ಅಲ್ನೋಡು, ಬೆಳ್ಳಗೆ ಬುಸುಬುಸು ಅಂತಿದೆ ನಿನ್ ಹೊಗೆ!"

"ಅದು ಬರೀ ಹಬೆ ಅಪ್ಪ. ಜನವರಿ ಚಳೀಲಿ ನಿನ್ ಬಾಯಿಂದ ಬರಲ್ವಾ, ಹಾಗೆ. ನಾವು ಹಿಡಿಯೋದು ಕಣ್ಣಿಗೆ ಕಾಣಲ್ಲ."

"ಕಾಣದ್ದನ್ನ ಹಿಡೀತಾಳಂತೆ, ಮಹಾರಾಯ್ತಿ! ತಿನ್ನು, ಪೆರೊಗಿ ಕಡುಬು ಆರೋಗತ್ತೆ."

ದಾರ್ಕಾಗೆ ರೇಗಿತು. ಸೌತೆಯ ಉಪ್ಪಿನಕಾಯಿ ಗರಿಗರಿಯಾಗಲೆಂದು ಇಟ್ಟಿದ್ದ ಸುಣ್ಣವನ್ನು ನೀರಿಗೆ ಕದಡಿದಳು. ತಿಳಿಯಾಗುವ ತನಕ ಕಾದು, ಬಸಿದು, ಲೋಟಕ್ಕೊಂದು ಕೊಳವೆ ಹಾಕಿ ಅಪ್ಪನ ಮುಂದೆ ಕುಕ್ಕಿದಳು.

"ಊದು. ಹೀರಿದ್ಯೋ, ಬಾಯಿ ಸುಟ್ಟೋಗತ್ತೆ!"

ಅವನು ಏದುಸಿರಲ್ಲೇ ಊದಿದ. ತಿಳಿನೀರು ಹಾಲಿನಂತಾಯಿತು.

"ಇದು... ನನ್ನೊಳಗಿಂದ್ಲೇ ಬಂತಾ?"

"ಹೂಂ. ನಿನ್ ಉಸಿರಲ್ಲಿರೋ ಇಂಗಾಲದ ಡೈಆಕ್ಸೈಡೇ ಸುಣ್ಣದ ನೀರನ್ನ ಬೆಳ್ಳಗೆ ಮಾಡಿದ್ದು. ಅಲ್ಲಿ ಹಿಡಿಯೋದೂ ಇದನ್ನೇ, ದಿನಕ್ಕೆ ಸಾವಿರಾರು ಟನ್ನು."

"ಎಷ್ಟು ಆಳದಲ್ಲಿ ಇಡ್ತೀರಿ?"

"ಹತ್ತು ಸಾವಿರ ಅಡಿ."

"ಅಯ್ಯೋ ದೇವ್ರೇ! ನಾನು ಬಗೆದಿದ್ದೇ ನೂರಡಿ."

ಅವನು ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಪೆರೊಗಿ ತಟ್ಟೆಯಲ್ಲೇ ಉಳಿಯಿತು.

ಮರುದಿನ ಕೆಲಸಕ್ಕೆ ಹೊರಟವಳು ಕಾಫಿ ಅಂಗಡಿಯ ಮುಂದೆ ಗಕ್ಕನೆ ನಿಂತಳು. ಒಳಗೆ ನಾಲ್ವರು ಹಳೇ ಗಣಿಗಾರರು, ನಡುವೆ ಲೋಟ, ಅಪ್ಪನ ಕೈಯಲ್ಲಿ ಸುಣ್ಣದ ನೀರಿನ ಸೀಸೆ.

"ಊದ್ರೋ, ಏನ್ ನಾಚ್ಕೆ?" ಓಸ್ತಾಪನ ಗಂಟಲು ಬೀದಿಗೆ ಕೇಳುತ್ತಿತ್ತು. "ನಾವು ಎತ್ತಿ ಆಕಾಶಕ್ಕೆ ಬಿಟ್ವಿ. ನನ್ ಮಗ್ಳು ಅದನ್ನ ವಾಪಸ್ ನೆಲದೊಳಗೆ ಇಡ್ತಿದಾಳೆ ಕಣ್ರೋ!"

ದಾರ್ಕಾ ಒಳಗೆ ಹೋಗಲಿಲ್ಲ. ಮುಖ ಒರೆಸಿಕೊಂಡು ಹೊರಡುವಷ್ಟರಲ್ಲಿ ಆ ದಿನ ಕೆಲಸಕ್ಕೆ ಹತ್ತು ನಿಮಿಷ ತಡವಾಯಿತು.